ಚೆಕ್ ಆಮೇಲೆ, ಮೊದಲು ಆರ್.ಆರ್. ನಂಬರ್ ಯಾರ ಹೆಸರಲ್ಲಿದೆ ನೋಡಿ

ಪ್ರಶ್ನೆ: ಜೆ.ಪಿ. ನಗರದಲ್ಲಿ ನಮ್ಮದು 60 ಮನೆಗಳ ಅಪಾರ್ಟ್‌ಮೆಂಟ್, ನಾನು ಸಂಘದ ಕಾರ್ಯದರ್ಶಿ. ಮಗಳು ಲಂಡನ್ನಿನ ಕ್ಯಾಮ್ಡನ್‌ನಲ್ಲಿದ್ದಾಳೆ. ಅಲ್ಲಿ ನಿವಾಸಿಗಳೇ ಸೇರಿ ಇಂಗಾಲ ತಗ್ಗಿಸುವ ಕೆಲಸಕ್ಕೆ ಇಳಿದರೆ ಕೌನ್ಸಿಲ್‌ನವರೇ ಅನುದಾನ ಕೊಡುತ್ತಾರಂತೆ. ನಮಗೂ ಸೋಲಾರ್ ಹಾಕಿಸುವ ಆಸೆ. ಪಾಲಿಕೆಯಿಂದ ಏನಾದರೂ ಸಿಗುತ್ತದೆಯೇ?

ಉತ್ತರ: ಮಗಳು ಹೇಳಿದ್ದು ನಿಜ. ಆ ದುಡ್ಡು ಎಲ್ಲಿಂದ ಬರುತ್ತದೆ ಅಂತಲೂ ಅವರನ್ನು ಕೇಳಬೇಕಿತ್ತು. ಲಂಡನ್ನಿನಲ್ಲಿ ದೊಡ್ಡ ಕಟ್ಟಡ ಕಟ್ಟುವವರು ಅದನ್ನು ನೆಟ್ ಜೀರೋ ಮಟ್ಟಕ್ಕೆ, ಅಂದರೆ ಲೆಕ್ಕದಲ್ಲಿ ಇಂಗಾಲದ ಹೊರೆ ಸೊನ್ನೆಯಾಗುವ ಮಟ್ಟಕ್ಕೆ, ತರಬೇಕು. ತರಲಾಗದೆ ಉಳಿದ ಇಂಗಾಲಕ್ಕೆ ಟನ್ನಿಗೆ ಇಷ್ಟು ಅಂತ ಆಯಾ ಕೌನ್ಸಿಲ್‌ಗೆ ಹಣ ಕಟ್ಟಬೇಕು. ಆ ನಗರದ ಬೆಳವಣಿಗೆಯ ಯೋಜನೆಯಾದ 2021ರ ಲಂಡನ್ ಪ್ಲ್ಯಾನ್ ಸೂಚಿಸಿದ ದರ ಟನ್ನಿಗೆ 95 ಪೌಂಡ್, ಅದೂ ವರ್ಷಕ್ಕೆ ಉಳಿಯುವ ಇಂಗಾಲವನ್ನು 30 ವರ್ಷಕ್ಕೆ ಲೆಕ್ಕ ಹಾಕಿ. ಹೀಗೆ ಬಿಲ್ಡರ್ ಕಟ್ಟಿದ ಹಣದಿಂದಲೇ ಕ್ಯಾಮ್ಡನ್ ಕೌನ್ಸಿಲ್ ತನ್ನ ಹವಾಮಾನ ನಿಧಿ ನಡೆಸುವುದು.

ನಮ್ಮಲ್ಲೂ ಯೋಜನೆಗೇನೂ ಬರವಿಲ್ಲ. 2023ರ ನವೆಂಬರಿನಲ್ಲಿ ಬಿಬಿಎಂಪಿ ಹವಾಮಾನ ಕ್ರಿಯಾ ಯೋಜನೆ ಬಿಡುಗಡೆ ಮಾಡಿತು, 2050ಕ್ಕೆ ನೆಟ್ ಜೀರೋ ಎಂಬ ಗುರಿಯನ್ನೂ ಇಟ್ಟುಕೊಂಡಿತು. ಆಮೇಲೆ ಬಿಬಿಎಂಪಿಯೇ ಹೋಯಿತು. 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳಿವೆ. ಯಾವ ಪಾಲಿಕೆಯಾದರೂ ನಿಮ್ಮ ಸಂಘದ ಹೆಸರಿಗೆ ಚೆಕ್ ಬರೆಯುತ್ತದೆ ಅಂತ ನಂಬಿ ಕೂರಬೇಡಿ. ಸರ್ಕಾರಿ ದುಡ್ಡು ಜಾಗ ಯಾರದು ಅಂತ ನೋಡಿಕೊಂಡು ಬರುತ್ತದೆ. ನಿಮ್ಮ ಗೇಟಿನ ಒಳಗಿರುವುದು ಖಾಸಗಿ ಸ್ವತ್ತು, ಹೊರಗಿರುವುದು ಸಾರ್ವಜನಿಕರದು.

ಗೇಟಿನ ಒಳಕ್ಕೆ ಬರುವ ಹಣವೂ ಒಂದಿದೆ. ಅದು ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆ, ಶುರುವಾದದ್ದು 2024ರ ಫೆಬ್ರುವರಿಯಲ್ಲಿ. ಒಂಟಿ ಮನೆಗೆ 3 ಕಿಲೋವ್ಯಾಟ್‌ವರೆಗೆ 78,000 ರೂಪಾಯಿ ಸಬ್ಸಿಡಿ ಅನ್ನುವುದು ಎಲ್ಲರಿಗೂ ಗೊತ್ತು. ಅಪಾರ್ಟ್‌ಮೆಂಟ್ ಸಂಘಗಳಿಗೂ ಅದರಲ್ಲಿ ಪಾಲಿದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಲಿಫ್ಟು, ಪಂಪು, ಕಾರಿಡಾರ್ ದೀಪ, ಇವಿ ಚಾರ್ಜಿಂಗ್‌ನಂಥ ಸಾಮಾನ್ಯ ಬಳಕೆಗೆ ಕಿಲೋವ್ಯಾಟಿಗೆ 18,000 ರೂಪಾಯಿ. ನೀವು 20 ಕಿಲೋವ್ಯಾಟ್ ಹಾಕಿಸಿದರೆ 3,60,000 ರೂಪಾಯಿ. ಪ್ಯಾನೆಲ್ಲಿನ ಸೆಲ್ ಭಾರತದಲ್ಲೇ ತಯಾರಾಗಿರಬೇಕು. ‘ಸ್ವಲ್ಪ ಅಗ್ಗಕ್ಕೆ ಕೊಡ್ತೀನಿ ಸಾರ್’ ಅಂತ ಯಾರಾದರೂ ವಿದೇಶಿ ಪ್ಯಾನೆಲ್ ತೋರಿಸಿದರೆ ಸಬ್ಸಿಡಿ ಕೈಬಿಟ್ಟ ಹಾಗೆಯೇ.

ಅರ್ಜಿ ಹಾಕುವ ಮುಂಚೆ ಸಾಮಾನ್ಯ ಮೀಟರಿನ ಬೆಸ್ಕಾಂ ಬಿಲ್ ತೆಗೆದು ಹೆಸರು ಓದಿ. ನಾನು ನೋಡಿದ ಎಷ್ಟೋ ಕಟ್ಟಡಗಳಲ್ಲಿ ಆರ್.ಆರ್. ನಂಬರ್, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆ, ಇನ್ನೂ ಬಿಲ್ಡರ್ ಹೆಸರಲ್ಲೇ ಇತ್ತು. ಮನೆ ಮಾರಿ ಹತ್ತು ವರ್ಷವಾಗಿರುತ್ತದೆ, ಫೋನ್ ಮಾಡಿದರೆ ಆತ ಎತ್ತುವುದಿಲ್ಲ. ಹೆಸರು ಬದಲಾಗದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಸಂಘದ ನೋಂದಣಿ ಪತ್ರ, ಪ್ಯಾನ್ ಕಾರ್ಡ್, ಸರ್ವಸದಸ್ಯರ ಸಭೆಯ ನಿರ್ಣಯ ಮೂರನ್ನೂ ಇಟ್ಟುಕೊಂಡು ಬೆಸ್ಕಾಂ ಉಪವಿಭಾಗದ ಕಚೇರಿಗೆ ಹೋಗಿ.

ಇಷ್ಟೆಲ್ಲ ಹೇಳಿದ ಮೇಲೂ, ಸೋಲಾರ್ ನಿಮ್ಮ ಮೊದಲ ಕೆಲಸ ಆಗಬಾರದು ಅನ್ನುವುದು ನನ್ನ ಅಭಿಪ್ರಾಯ. ಹಿಂದೊಮ್ಮೆ ಇಂಥದ್ದೇ ಒಂದು ಅಪಾರ್ಟ್‌ಮೆಂಟಿಗೆ ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆ. ಬೇಸ್‌ಮೆಂಟಿನ ಇಳಿಜಾರಿನಲ್ಲಿ ಬಿಸಿಲು ಬಿದ್ದಿತ್ತು, ಅದೇ ಬಿಸಿಲಿನಲ್ಲಿ ಸಾಲು ಟ್ಯೂಬ್‌ಲೈಟು ಉರಿಯುತ್ತಿದ್ದವು. ಆರಿಸಪ್ಪಾ ಅಂದರೆ ಸೆಕ್ಯೂರಿಟಿಯವನು, ‘ಸ್ವಿಚ್ಚೇ ಇಲ್ಲ ಸಾರ್, ಡೈರೆಕ್ಟ್ ಕೊಟ್ಟವ್ರೆ’ ಅಂದ. ಮೇಲೆ ಟ್ಯಾಂಕು ತುಂಬಿ ಗೋಡೆಗುಂಟ ನೀರು ಇಳಿಯುತ್ತಿತ್ತು, ಮೋಟಾರು ಇನ್ನೂ ಓಡುತ್ತಲೇ ಇತ್ತು. ಆವತ್ತಿನ ಸಭೆಯಲ್ಲಿ ಅವರು ಚರ್ಚಿಸಬೇಕಿದ್ದ ವಿಷಯ: 30 ಕಿಲೋವ್ಯಾಟ್ ಸೋಲಾರ್.

ಲೆಕ್ಕ ಹಾಕಿ ನೋಡೋಣ. ಹಳೆಯ ಟ್ಯೂಬ್‌ಲೈಟು ಚೋಕ್ ಸೇರಿ ಸುಮಾರು 50 ವ್ಯಾಟ್ ತಿನ್ನುತ್ತದೆ, ಎಲ್‌ಇಡಿಗೆ 20 ಸಾಕು. 60 ದೀಪ ಬದಲಿಸಿ, ದಿನಕ್ಕೆ 12 ಗಂಟೆ ಉರಿಯುತ್ತವೆ ಅಂದುಕೊಂಡರೆ ದಿನಕ್ಕೆ 21.6 ಯೂನಿಟ್, ವರ್ಷಕ್ಕೆ 7,884 ಯೂನಿಟ್ ಉಳಿತಾಯ. ನಮ್ಮ ಗ್ರಿಡ್‌ನ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅಲ್ಲಿಗೆ ವರ್ಷಕ್ಕೆ ಐದೂವರೆ ಟನ್. ಬೆಂಗಳೂರಿನ ಬಿಸಿಲಿಗೆ 1 ಕಿಲೋವ್ಯಾಟ್ ಸೋಲಾರ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಅಂದರೆ ಬರೀ ದೀಪ ಬದಲಿಸಿ ಉಳಿಸಿದ್ದನ್ನು ಸೋಲಾರ್‌ನಿಂದ ಪಡೆಯಬೇಕೆಂದರೆ 5 ಕಿಲೋವ್ಯಾಟಿಗಿಂತ ಹೆಚ್ಚು ಬೇಕು. ಟ್ಯಾಂಕು ತುಂಬಿದೊಡನೆ ಮೋಟಾರು ತಾನೇ ನಿಲ್ಲುವ ಫ್ಲೋಟ್ ಸ್ವಿಚ್ ಹಾಕಿಸಿದ್ದರ ಉಳಿತಾಯ ಬೇರೆ. ಆರು ತಿಂಗಳು ಕಳೆದ ಮೇಲೆ ಹೊಸ ಬಿಲ್ ಇಟ್ಟುಕೊಂಡು ಸೋಲಾರ್ ಎಷ್ಟು ಬೇಕು ನಿರ್ಧರಿಸಿ, 20ರ ಜಾಗದಲ್ಲಿ 14 ಸಾಕಾಗಬಹುದು.

ಪ್ರಶ್ನೆ: ನಮ್ಮ ಬಡಾವಣೆಯ ಪಾರ್ಕಿನಲ್ಲಿ ಫೆಬ್ರುವರಿ ಬಂತೆಂದರೆ ಹೊಂಗೆ ಎಲೆಯ ರಾಶಿ. ಕೆಲವರು ಬೆಂಕಿ ಹಚ್ಚುತ್ತಾರೆ. ಗೊಬ್ಬರ ಮಾಡೋಣವೆಂದರೆ ಎಲೆ ತುಂಬುವ ಜಾಲರಿಗೆ ದುಡ್ಡಿಲ್ಲ. ಯಾರನ್ನು ಕೇಳಬೇಕು?

ಉತ್ತರ: ನಿಮ್ಮದು ಗೇಟಿನ ಹೊರಗಿನ ಕೆಲಸ, ಹಾಗಾಗಿ ಬಾಗಿಲುಗಳು ಜಾಸ್ತಿ. ಪಾರ್ಕು ಪಾಲಿಕೆಯದಾದರೆ ಮೊದಲು ತೋಟಗಾರಿಕೆ ವಿಭಾಗದವರ ಹತ್ತಿರ ಮಾತಾಡಿ. ಅವರ ಒಪ್ಪಿಗೆಯಿಲ್ಲದೆ ಒಂದು ಕಂಬ ನೆಟ್ಟರೂ ಆಮೇಲೆ ತಕರಾರು ಬರುತ್ತದೆ. ಶಾಸಕರ ನಿಧಿಯಿದೆ, ವರ್ಷಕ್ಕೆ 5 ಕೋಟಿಯ ಸಂಸದರ ನಿಧಿಯೂ ಇದೆ. ಆದರೆ ಅವೆಲ್ಲ ಬಾಳಿಕೆಯ ಸಾರ್ವಜನಿಕ ಆಸ್ತಿಗೆ, ಅಂದರೆ ಪಕ್ಕದ ಸರ್ಕಾರಿ ಶಾಲೆಯ ಚಾವಣಿಗೆ ಸೋಲಾರ್ ಹಾಕಿಸುವಂಥದ್ದಕ್ಕೆ. ನಾಲ್ಕು ಜಾಲರಿಗೋಸ್ಕರ ಸಂಸದರ ಕಚೇರಿ ಅಲೆಯುವುದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ಕಂಪನಿಗಳು ಸಮಾಜದ ಕೆಲಸಕ್ಕೆಂದು ತೆಗೆದಿಡುವ ಸಿಎಸ್‌ಆರ್ ಹಣ ಕೇಳಬಹುದು, ಆದರೆ 2021ರಿಂದ ಅದನ್ನು ಪಡೆಯುವ ಸಂಸ್ಥೆ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ನಿಮ್ಮಂಥ ಗುಂಪಿಗೆ ಅದು ಇರುವುದಿಲ್ಲ, ಇರುವ ಟ್ರಸ್ಟ್ ಒಂದರ ಜೊತೆ ಸೇರಿಕೊಳ್ಳಬೇಕು.

ನಿಜ ಹೇಳಬೇಕೆಂದರೆ ಇದಕ್ಕೆ ಬೇಕಾಗಿರುವುದು ನಾಲ್ಕು ಕಬ್ಬಿಣದ ಸರಳು, ಒಂದಿಷ್ಟು ಕೋಳಿ ಜಾಲರಿ, ವಾರಕ್ಕೊಮ್ಮೆ ನೀರು ಚಿಮುಕಿಸುವ ಒಬ್ಬರು. ಮನೆಗೆ ಇನ್ನೂರು ರೂಪಾಯಿ ಎತ್ತಿದರೆ ಮುಗಿಯಿತು. ಎಲೆಯನ್ನು ತುಳಿದು ಪುಡಿ ಮಾಡಿ ತುಂಬಿ, ನಡುನಡುವೆ ಸಗಣಿ ನೀರು ಹಾಕಿ. ಎಚ್‌ಎಸ್‌ಆರ್ ಬಡಾವಣೆಯ ಸ್ವಚ್ಛಗ್ರಹ ಕಲಿಕಾ ಕೇಂದ್ರಕ್ಕೆ ಒಮ್ಮೆ ಹೋಗಿ ಬನ್ನಿ, ಗೊಬ್ಬರದ ಬಗೆಬಗೆಯ ತೊಟ್ಟಿಗಳನ್ನು ಕಣ್ಣಾರೆ ನೋಡಬಹುದು.

ಅರ್ಜಿ ಬರೆಯುವುದೇ ಆದರೆ ‘ಎಲೆ ಸುಡದೆ ಇಷ್ಟು ಟನ್ ಇಂಗಾಲ ಉಳಿಸಿದೆವು’ ಅಂತ ಬರೆಯಬೇಡಿ. ಎಲೆಯಲ್ಲಿರುವುದು ಮರ ಗಾಳಿಯಿಂದಲೇ ಹೀರಿದ ಇಂಗಾಲ, ಕೊಳೆತರೂ ಬಹುಪಾಲು ಗಾಳಿಗೇ ಮರಳುತ್ತದೆ. ಸುಡದಿರುವುದರ ಲಾಭ ಹೊಗೆಯಿಲ್ಲದ ಗಾಳಿ. ಇಂಗಾಲದ ಲೆಕ್ಕ ಬೇಕಿದ್ದರೆ ಅದೇ ಒಣ ಎಲೆಯನ್ನು ಮನೆಗಳ ಹಸಿ ಕಸದ ಗೊಬ್ಬರಕ್ಕೆ ಬೆರೆಸಿ. ಹಸಿ ಕಸ ಗುಡ್ಡೆಯಾಗಿ ಗಾಳಿಯಾಡದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಅದು ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿಯೇರಿಸುತ್ತದೆ. ಉಳಿತಾಯ ಇರುವುದು ಅಲ್ಲಿ.

ಪ್ರಶ್ನೆ: ನಮ್ಮ ರಸ್ತೆಯಲ್ಲಿ 60 ಗಿಡ ನೆಟ್ಟಿದ್ದೇವೆ. ಕಾರ್ಬನ್ ಕ್ರೆಡಿಟ್ ಮಾರಿಸಿಕೊಡುತ್ತೇನೆಂದು ಒಬ್ಬರು 25,000 ರೂಪಾಯಿ ಮುಂಗಡ ಕೇಳುತ್ತಿದ್ದಾರೆ.

ಉತ್ತರ: ಕೊಡಬೇಡಿ. ಕಾರ್ಬನ್ ಕ್ರೆಡಿಟ್ ಅಂದರೆ ಗಾಳಿಗೆ ಸೇರದಂತೆ ತಡೆದ ಅಥವಾ ಹೀರಿದ ಇಂಗಾಲದ ಡೈಆಕ್ಸೈಡಿಗೆ ಸಿಗುವ, ಮಾರಬಹುದಾದ ಪ್ರಮಾಣಪತ್ರ, ಒಂದು ಕ್ರೆಡಿಟ್ಟಿಗೆ ಒಂದು ಟನ್. ಬೆಳೆದ ಮರ ವರ್ಷಕ್ಕೆ 20 ಕೆ.ಜಿ. ಹೀರುತ್ತದೆ ಅಂತಿಟ್ಟುಕೊಂಡರೂ 60 ಮರಕ್ಕೆ ಒಂದೂಕಾಲು ಟನ್ ದಾಟುವುದಿಲ್ಲ, ನಿಮ್ಮವಿನ್ನೂ ಸಸಿ. ಆ ದುಡ್ಡಿನಲ್ಲಿ ಟ್ರೀ ಗಾರ್ಡ್ ಹಾಕಿಸಿ, ಬೇಸಿಗೆಗೆ ಟ್ಯಾಂಕರ್ ನೀರು ಹೊಂದಿಸಿ.