ಗಿಡ್ಡ ಹುಡುಗ ರಗ್ಬಿ ಆಡಬಹುದಾ?

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ಶಾಲೆ ಟೀಮಿನಲ್ಲಿ ಕಬಡ್ಡಿ ಆಡ್ತಾನೆ. ಈಗ ಮೊಬೈಲಿನಲ್ಲಿ ರಗ್ಬಿ ನೋಡಿ ನೋಡಿ ಅದೇ ಬೇಕು ಅಂತ ಹಟ ಹಿಡಿದಿದ್ದಾನೆ. ಗಿಡ್ಡ ಹುಡುಗ, ಮೈಯೂ ಸಣ್ಣ. ‘ಅದು ಪೈಲ್ವಾನರ ಆಟ, ನಿನ್ನಿಂದ ಆಗಲ್ಲ’ ಅಂತಾರೆ ಮನೆಯವರು. ನಿಜಾನಾ?
– ಒಬ್ಬ ತಾಯಿ, ಜಮಖಂಡಿ

ಉತ್ತರ: ಖಂಡಿತ ಅಲ್ಲ, ಅಕ್ಕಾ. ಪೀಟರ್ ಸ್ಟ್ರಿಂಗರ್ ಆಟ ಹುಡುಕಿ ನೋಡೋಕೆ ಮಗನಿಗೆ ಹೇಳಿ. ಐರ್ಲೆಂಡಿನ ಕಾರ್ಕ್ ಊರಿನ ರಗ್ಬಿ ಆಟಗಾರ. ಎತ್ತರ 5 ಅಡಿ 7 ಇಂಚು ಅಷ್ಟೇ. 2000ರಿಂದ 2011ರವರೆಗೆ ದೇಶದ ಪರ 98 ಪಂದ್ಯ ಆಡಿದರು. ಆಟ ಬಿಟ್ಟಿದ್ದು 2018ರಲ್ಲಿ, 40ನೇ ವಯಸ್ಸಿಗೆ!

ಅವರದು 9ನೇ ನಂಬರ್ ಅಂಗಿ, ಸ್ಕ್ರಮ್ ಹಾಫ್ ಜಾಗ. ದಢೂತಿ ಆಟಗಾರರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಗುದ್ದಾಡುವಾಗ, ಆ ಕಾಲುಗಳ ಸಂದಿಯಿಂದ ಚೆಂಡು ತೆಗೆದು, ನೆಟ್ಟಗೆ ನಿಲ್ಲುವಷ್ಟೂ ಹೊತ್ತು ಕಳೆಯದೆ ದೂರದಲ್ಲಿರುವ ಜೊತೆಗಾರನ ಕೈಗೇ ಎಸೆಯಬೇಕು. ಚುರುಕು ಬೇಕು, ಗುರಿ ಬೇಕು. ಎತ್ತರ ಯಾಕೆ ಬೇಕು?

ನಿಮ್ಮ ಮಗನಿಗೆ 2001ರ ಇಂಗ್ಲೆಂಡ್ ಪಂದ್ಯ ಜಾಸ್ತಿ ಹಿಡಿಸುತ್ತೆ. ದನಗಳ ಕಾಲುಬಾಯಿ ರೋಗದಿಂದ ಅಕ್ಟೋಬರ್‌ವರೆಗೆ ಮುಂದಕ್ಕೆ ಹೋಗಿದ್ದ ಪಂದ್ಯ ಅದು. ಡಬ್ಲಿನ್‌ನಲ್ಲಿ ಇಂಗ್ಲೆಂಡಿನ ಡ್ಯಾನ್ ಲೂಗರ್ ಚೆಂಡು ಹಿಡಿದು ಗೆರೆ ಕಡೆ ಓಡ್ತಿದ್ದಾಗ, ಹಿಂದಿನಿಂದ ಸ್ಟ್ರಿಂಗರ್ ಹಾರಿ ಅವರ ಪಾದಕ್ಕೆ ಕೈ ಬಡಿದು ಬೀಳಿಸಿದರು. ಕಬಡ್ಡಿಯಲ್ಲಿ ಕಾರ್ನರ್‌ನಲ್ಲಿರೋ ಸಣ್ಣ ಹುಡುಗ ರೈಡರ್‌ನ ಕಾಲಿಗೆ ಕೈ ಹಾಕ್ತಾನಲ್ಲ, ಹಾಗೆ. ಐರ್ಲೆಂಡ್ 20-14ರಿಂದ ಗೆದ್ದಿತು.

ಯುರೋಪಿನ ಕ್ಲಬ್‌ಗಳ ಟೂರ್ನಿ ಹೈನೆಕೆನ್ ಕಪ್‌ನ 2006ರ ಫೈನಲ್ಲೂ ನೋಡಲಿ. ಅವರ ಮನ್‌ಸ್ಟರ್ ತಂಡ ಅದಕ್ಕೂ ಮುಂಚೆ ಎರಡು ಫೈನಲ್ ಸೋತಿತ್ತು. ಪಾಸ್ ಕೊಡ್ತಾರೆ ಅಂತ ಎದುರಾಳಿ, ಫ್ರಾನ್ಸಿನ ಬಿಯಾರಿಟ್ಜ್‌ನವರು ಕಾಯ್ತಿದ್ದರೆ, ಇವರು ಖಾಲಿ ಬಿದ್ದಿದ್ದ ಪಕ್ಕದಿಂದ ತಾವೇ ನುಗ್ಗಿ ಟ್ರೈ ಹೊಡೆದರು, ಅಂದ್ರೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರು. ಕಪ್ ಮನ್‌ಸ್ಟರ್‌ಗೆ ಬಂತು. 2009ರಲ್ಲಿ ಐರ್ಲೆಂಡ್ 61 ವರ್ಷಗಳ ನಂತರ ಗ್ರಾಂಡ್ ಸ್ಲ್ಯಾಮ್ (ಆರು ದೇಶಗಳ ಟೂರ್ನಿಯಲ್ಲಿ ಎಲ್ಲ ಪಂದ್ಯ ಗೆಲ್ಲೋದು) ಗೆದ್ದಾಗ ಜೊತೆಗಾರ ರೋನನ್ ಒ'ಗಾರಾ ಹೊಡೆದ ಗೆಲುವಿನ ಡ್ರಾಪ್ ಗೋಲಿಗೂ (ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದಾಗ ಒದ್ದು ಹೊಡೆಯುವ ಗೋಲು) ಚೆಂಡು ಎಸೆದವರು ಇವರೇ.

ಭಯ ಇರೋದು ಸಹಜ, ಪೆಟ್ಟು ಬೀಳೋ ಆಟವೇ. ಅದಕ್ಕೇ ಮೊದಲು ಟಚ್ ರಗ್ಬಿ ಆಡಲಿ, ಅದರಲ್ಲಿ ಕೆಡವೋದು ಇರಲ್ಲ. ಟ್ಯಾಕಲ್ ಮಾತ್ರ ಕೋಚ್ ಎದುರಿಗೇ ಕಲೀಬೇಕು: ತಲೆ ಎದುರಾಳಿಯ ಮುಂದೆ ಹೋಗಬಾರದು, ಪಕ್ಕಕ್ಕಿರಬೇಕು. ಕಬಡ್ಡಿ ಬಿಡಿಸಬೇಡಿ. ಎರಡೂ ಆಡಲಿ.