ಆಫೀಸ್ ಕೆಲಸದಿಂದ ಸುಸ್ತಾಗಿದೆ, ಮೈ ಬಗ್ಗುವುದಿಲ್ಲ. ನನಗೆ ಎಂಥ ಯೋಗ ಸರಿ?

ಸಂಜೆ ಮನೆಗೆ ಬರುವಷ್ಟರಲ್ಲಿ ಕತ್ತು ಬಿಗಿದಿರುತ್ತದೆ, ತಲೆ ತುಂಬಾ ಕೆಲಸದ್ದೇ ಯೋಚನೆ, ಸೂರ್ಯ ನಮಸ್ಕಾರ ಮಾಡಲು ತ್ರಾಣ ಇಲ್ಲ ಎಂದು ಬರೆದಿದ್ದೀರಿ. ಆ ಹೊತ್ತಿನಲ್ಲಿ ಸೂರ್ಯ ನಮಸ್ಕಾರ ಬೇಡವೇ ಬೇಡ. ದಿಂಬು, ರಗ್ಗು, ಕುರ್ಚಿ ಇಟ್ಟುಕೊಂಡು, ಮೈ ಭಾರವನ್ನೆಲ್ಲ ಅವುಗಳ ಮೇಲೆ ಬಿಟ್ಟು ಮಲಗುವ ಆಸನಗಳಿವೆ. ನಾನು ಹಲವು ವರ್ಷಗಳಿಂದ ಸಂಜೆ ಮಾಡುವುದು ಇವನ್ನೇ. ಮೈ ಬಗ್ಗದಿದ್ದರೂ ನಡೆಯುತ್ತದೆ.

ಹೀಗೆ ಆಸರೆ ಕೊಟ್ಟು ಆಸನ ಮಾಡಿಸುವ ಪದ್ಧತಿಯನ್ನು ಬೆಳೆಸಿದವರು ಬಿ.ಕೆ.ಎಸ್. ಅಯ್ಯಂಗಾರ್. 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಒಂದರ ಮೇಲೊಂದು ಕಾಯಿಲೆ. ಮೈಸೂರಿನಲ್ಲಿ ಅಕ್ಕನ ಗಂಡ ಕೃಷ್ಣಮಾಚಾರ್ಯರ ಹತ್ತಿರ ಯೋಗ ಕಲಿತು, ಆಮೇಲೆ ಪುಣೆಯಲ್ಲಿ ನೆಲೆಸಿದರು. ಬೆಲ್ಟು, ಮರದ ಇಟ್ಟಿಗೆ, ಕುರ್ಚಿ, ಲೋಡು ಎಲ್ಲ ಯೋಗದ ಕೋಣೆಗೆ ಬಂದದ್ದು ಹೆಚ್ಚಾಗಿ ಅವರಿಂದಲೇ. ಅವರ ಹತ್ತಿರ ಕಲಿತ ಅಮೆರಿಕದ ಜೂಡಿತ್ ಹ್ಯಾನ್ಸನ್ ಲ್ಯಾಸೇಟರ್, ಇದರಲ್ಲಿ ವಿಶ್ರಾಂತಿಗೆ ಬೇಕಾದ್ದನ್ನು ಹಿಡಿದು ಮುಂದುವರಿಸಿದರು. ರಿಸ್ಟೋರೇಟಿವ್ ಯೋಗ ಅಂತ ಈಗ ಹೇಳುವುದು ಅದನ್ನೇ.

ಶುರುವಿಗೆ ಒಂದು ಕುರ್ಚಿ ಸಾಕು. ಜಮಖಾನ ಹಾಸಿ ಅಂಗಾತ ಮಲಗಿ, ಮೊಣಕಾಲಿನಿಂದ ಕೆಳಗಿನ ಭಾಗವನ್ನು ಪೂರ್ತಿ ಕುರ್ಚಿಯ ಮೇಲಿಡಿ. ಮೀನಖಂಡ ಅರ್ಧ ಮಾತ್ರ ಕೂತರೆ ಕಾಲು ಜಾರದಂತೆ ತೊಡೆ ಬಿಗಿ ಹಿಡಿಯುತ್ತದೆ. ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಳ್ಳಿ. ಅಂಚು ಒತ್ತಿದರೆ ಟವೆಲ್ ಮಡಿಸಿ ಹಾಕಿ. ಇನ್ನು ತಲೆ. ನಿಮ್ಮ ಗದ್ದ ಸೂರಿನ ಕಡೆ ಎದ್ದಿದ್ದರೆ ಕತ್ತು ಇನ್ನೂ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಬೆಡ್‌ಶೀಟನ್ನು ತೆಳುವಾಗಿ ಮಡಿಸಿ ತಲೆಯ ಕೆಳಗಿಡಿ, ಹಣೆಗಿಂತ ಗದ್ದ ಸ್ವಲ್ಪ ತಗ್ಗಬೇಕು. ಕೈಗಳು ಮೈಯಿಂದ ದೂರ, ಅಂಗೈ ಮೇಲಕ್ಕೆ. ಅಲುಗಾಡದೆ ಮಲಗಿದರೆ ಮೈ ಬೇಗ ತಣ್ಣಗಾಗುತ್ತದೆ, ಹೊದಿಕೆ ಹೊದ್ದುಕೊಳ್ಳಿ.

ಎಲ್ಲೂ ಏನೂ ಎಳೆಯಬಾರದು. ನಾನು ಒತ್ತಿ ಹೇಳುವುದು ಇದೊಂದೇ. ಬೇರೆ ಯೋಗದಲ್ಲಿ ಎಳೆತ ಬಂದರೆ ಸರಿಯಾಗಿ ಮಾಡಿದ ಹಾಗೆ ಅನಿಸುತ್ತದೆ ಅಲ್ವಾ? ಇಲ್ಲಿ ಎಳೆತ ಬಂದರೆ ಆಸರೆ ಸಾಲದು ಅಂತ. ಲೋಡಿಗೆ ಬೆನ್ನು ಕೊಟ್ಟು, ಪಾದ ಜೋಡಿಸಿ, ಮೊಣಕಾಲು ಅಗಲಿಸಿ ಮಲಗುವ ಸುಪ್ತ ಬದ್ಧಕೋಣಾಸನದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ತೊಡೆಯ ಒಳಭಾಗ ಎಳೆಯಿತೋ, ಎರಡೂ ಮೊಣಕಾಲಿನ ಕೆಳಗೆ ಇನ್ನೊಂದೊಂದು ದಿಂಬು ಸೇರಿಸಿ. ಲೋಡು ಕೊಳ್ಳಬೇಕಾಗಿಲ್ಲ. ಗಟ್ಟಿ ಹತ್ತಿ ದಿಂಬು ಎರಡನ್ನು ದುಪ್ಪಟಿಯಲ್ಲಿ ಸುತ್ತಿ ಕಟ್ಟಿದರೆ ಆಯಿತು.

ಒಂದೊಂದರಲ್ಲೂ 10 ನಿಮಿಷವಾದರೂ ಇರಿ, ಅಭ್ಯಾಸವಾದ ಮೇಲೆ 20. ಎರಡು ನಿಮಿಷಕ್ಕೆ ಎದ್ದರೆ ಬಿಗಿ ಬಿಡುವುದಿಲ್ಲ, ಸ್ನಾಯುಗಳು ಸಡಿಲವಾಗಲು ಹೊತ್ತು ಬೇಕು. ಉಸಿರನ್ನು ಹಿಡಿಯಬೇಡಿ. ಬಿಡುವ ಉಸಿರು ತಾನಾಗಿ ಉದ್ದವಾಗಲಿ. ಉಸಿರು ಬಿಡುವಾಗ, ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ನರದ ಪ್ರಭಾವ ಹೆಚ್ಚಿ ಎದೆಬಡಿತ ತುಸು ನಿಧಾನವಾಗುತ್ತದೆ. ಯೋಚನೆ ಬರುತ್ತಲೇ ಇರುತ್ತದೆ, ಅದರ ಜೊತೆ ಗುದ್ದಾಡಬೇಡಿ. ಹಲ್ಲು ಕಚ್ಚಿದ್ದೀರಾ, ನಾಲಿಗೆ ಅಂಗುಳಕ್ಕೆ ಒತ್ತಿದೆಯಾ, ಅಷ್ಟನ್ನು ನೋಡಿ ಸಡಿಲ ಬಿಡಿ. ಏಳುವಾಗ ಬಲಕ್ಕೆ ಹೊರಳಿ, ಕೈಯೂರಿ ನಿಧಾನವಾಗಿ ಕೂತುಕೊಳ್ಳಿ.

ರಾತ್ರಿ ಊಟಕ್ಕೆ ಮುಂಚೆ ಮಾಡುವುದು ಒಳ್ಳೆಯದು. ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಕಾಯಿಲೆ ಇದ್ದರೆ, ಬಿಪಿ ಹತೋಟಿಯಲ್ಲಿ ಇಲ್ಲದಿದ್ದರೆ ಗೋಡೆಗೆ ಕಾಲೆತ್ತುವ ವಿಪರೀತ ಕರಣಿಯನ್ನು ಡಾಕ್ಟರನ್ನು ಕೇಳದೆ ಮಾಡಬೇಡಿ. ಬಸುರಿಯರು ದಿನ ತುಂಬುತ್ತಾ ಬಂದಂತೆ ಜಾಸ್ತಿ ಹೊತ್ತು ಅಂಗಾತ ಮಲಗಬಾರದು, ಎಡ ಮಗ್ಗುಲಿಗೆ ಮಲಗಿ ಮೊಣಕಾಲಿನ ನಡುವೆ ದಿಂಬು ಇಟ್ಟುಕೊಳ್ಳಲಿ. ಕೆಲವರಿಗೆ ಕಣ್ಣು ಮುಚ್ಚಿದರೆ ಗಾಬರಿ ಹೆಚ್ಚಾಗುತ್ತದೆ. ಅಂಥವರು ಕಣ್ಣು ತೆರೆದೇ ಇರಲಿ, ತೊಂದರೆಯಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲ ಅನಿಸುತ್ತಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು, ಇದನ್ನು ಜೊತೆಗೆ ಮಾಡಿ.

ಈ ವಾರ ಕುರ್ಚಿಯದ್ದೊಂದೇ ಮಾಡಿ ನೋಡಿ. ಸೊಂಟವೋ ಕತ್ತೋ ನೆಲಕ್ಕೆ ಒಗ್ಗುತ್ತಿಲ್ಲ ಅನಿಸಿದರೆ ಯಾವ ಜಾಗ ಅಂತ ಬರೆಯಿರಿ, ದಿಂಬು ಎಲ್ಲಿಡಬೇಕು ಅಂತ ಹೇಳುತ್ತೇನೆ.