ಗಿರಾಕಿಯೇ ಎದುರಾಳಿಯಾದಾಗ

ಪ್ರಶ್ನೆ: ಹನ್ನೊಂದು ವರ್ಷಗಳಿಂದ ಪರ್ತ್‌ ಬಳಿ ಇದ್ದೇನೆ. ಹತ್ತಿರದ ಗಾರ್ಡನ್ ದ್ವೀಪದ ನೌಕಾನೆಲೆಗೆ ಅಮೆರಿಕದ ಜಲಾಂತರ್ಗಾಮಿಗಳು ಬರಲಿವೆ. ಆಸ್ಟ್ರೇಲಿಯಾ ತಾನೂ ಪರಮಾಣು ಜಲಾಂತರ್ಗಾಮಿಗಳನ್ನು ಕೊಳ್ಳುತ್ತಿದೆ. ಆದರೆ ನಮ್ಮ ಕಬ್ಬಿಣದ ಅದಿರನ್ನು ಕೊಳ್ಳುವುದೇ ಚೀನಾ. ಗಿರಾಕಿಯ ವಿರುದ್ಧವೇ ಇಷ್ಟೊಂದು ಖರ್ಚೇ? ಇದು ಅಣುಬಾಂಬಿಗೆ ದಾರಿಯಲ್ಲವೇ?

ಉತ್ತರ: ಸುಲಭದ್ದನ್ನು ಮೊದಲು ಮುಗಿಸುತ್ತೇನೆ. ಬಾಂಬಿಗೆ ದಾರಿಯಲ್ಲ. ಈ ಹಡಗುಗಳಲ್ಲಿ ಪರಮಾಣುವಿನದು ಎಂಜಿನ್ ಮಾತ್ರ, ಆಯುಧಗಳು ಸಾಮಾನ್ಯದವು.

ಗಿರಾಕಿಯ ವಿಷಯಕ್ಕೆ ಬರೋಣ. ನಿಮ್ಮ ರಾಜ್ಯದ ಬಾರ್ಲಿ ರೈತರನ್ನೇ ವಿಚಾರಿಸಿ ನೋಡಿ. ಕೋವಿಡ್‌ನ ಮೂಲದ ಬಗ್ಗೆ ಸ್ವತಂತ್ರ ತನಿಖೆಯಾಗಲಿ ಎಂದು ಆಸ್ಟ್ರೇಲಿಯಾ 2020ರಲ್ಲಿ ಕೇಳಿತು. ಅದೇ ವರ್ಷ ಚೀನಾ ಬಾರ್ಲಿಯ ಮೇಲೆ ಶೇ 80.5ರಷ್ಟು ಸುಂಕ ಹೇರಿತು. ವೈನ್‌ಗೂ ಪೆಟ್ಟು ಬಿತ್ತು, ಕಲ್ಲಿದ್ದಲು ಹೊತ್ತ ಹಡಗುಗಳು ಚೀನಾದ ಬಂದರುಗಳ ಹೊರಗೆ ಕಾದು ನಿಂತವು. ಕಬ್ಬಿಣದ ಅದಿರಿನ ತಂಟೆಗೆ ಮಾತ್ರ ಯಾರೂ ಹೋಗಲಿಲ್ಲ. ಅಷ್ಟು ಅದಿರು ಚೀನಾದ ಉಕ್ಕಿನ ಕಾರ್ಖಾನೆಗಳಿಗೆ ಬೇರೆಲ್ಲೂ ಸಿಗುತ್ತಿರಲಿಲ್ಲ. ವ್ಯಾಪಾರ ಕೊರಳ ಹಗ್ಗವೂ ಆಗಬಹುದು, ಗುರಾಣಿಯೂ ಆಗಬಹುದು ಎಂದು ಕ್ಯಾನ್‌ಬೆರಾದ ಕೇಂದ್ರ ಸರ್ಕಾರಕ್ಕೆ ಆಗ ಅರ್ಥವಾಯಿತು.

2021ರ ಸೆಪ್ಟೆಂಬರ್‌ನಲ್ಲಿ ಅದು ಫ್ರಾನ್ಸಿನಿಂದ 12 ಜಲಾಂತರ್ಗಾಮಿ ಪಡೆಯುವ ಒಪ್ಪಂದವನ್ನು ಕೈಬಿಟ್ಟು, ಅಮೆರಿಕ ಮತ್ತು ಬ್ರಿಟನ್ ಜೊತೆ ಆಕಸ್ ಎಂಬ ರಕ್ಷಣಾ ಕೂಟ ಕಟ್ಟಿತು. 2030ರ ದಶಕದ ಆರಂಭದಿಂದ ಅಮೆರಿಕದ ಮೂರು ವರ್ಜೀನಿಯಾ ವರ್ಗದ ಪರಮಾಣು ಜಲಾಂತರ್ಗಾಮಿಗಳು, ಆಮೇಲೆ ಅಡಿಲೇಡ್‌ನಲ್ಲೇ ಕಟ್ಟುವ ಹೊಸವು. 2050ರ ದಶಕದ ಮಧ್ಯದವರೆಗಿನ ಅಂದಾಜು ವೆಚ್ಚ 268ರಿಂದ 368 ಶತಕೋಟಿ ಆಸ್ಟ್ರೇಲಿಯನ್ ಡಾಲರ್.

ಚೀನಾವನ್ನು ಸೋಲಿಸುವುದು ಇದರ ಗುರಿಯಲ್ಲ. ಕರ್ನಾಟಕದ ಅರ್ಧದಷ್ಟೂ ಜನರಿಲ್ಲದ ದೇಶ ಒಂದು ಇಡೀ ಖಂಡದ ಕರಾವಳಿ ಕಾಯಬೇಕು. ಹತ್ತಿರ ಸುಳಿಯುವುದೇ ದುಬಾರಿ ಎಂದು ಎದುರಾಳಿಗೆ ಅನಿಸಿದರೆ ಅದಕ್ಕೆ ಸಾಕು. ವಾರಗಟ್ಟಲೆ ನೀರಿನಡಿಯೇ ಇದ್ದು ದೂರ ಸಾಗಬಲ್ಲ ಜಲಾಂತರ್ಗಾಮಿ ಆ ಕೆಲಸಕ್ಕೆ ಒಳ್ಳೆಯ ಆಯುಧವೇ. ಇಲ್ಲಿಯವರೆಗೆ ನನ್ನ ತಕರಾರಿಲ್ಲ.

ತಕರಾರಿರುವುದು ಕ್ಯಾಲೆಂಡರಿನ ಬಗ್ಗೆ. ಆಸ್ಟ್ರೇಲಿಯಾದ ಬಳಿ ಈಗಿರುವ ಆರು ಕಾಲಿನ್ಸ್ ವರ್ಗದ ಜಲಾಂತರ್ಗಾಮಿಗಳಲ್ಲಿ ಮೊದಲನೆಯದು ಸೇವೆಗೆ ಸೇರಿದ್ದು 1996ರಲ್ಲಿ, ಅವಕ್ಕೆ ವಯಸ್ಸಾಗುತ್ತಿದೆ. ಅಮೆರಿಕದ ಕಾರ್ಖಾನೆಗಳು ವರ್ಷಕ್ಕೆ ಎರಡಕ್ಕಿಂತ ಹೆಚ್ಚು ವರ್ಜೀನಿಯಾಗಳನ್ನು ಕಟ್ಟಬೇಕಾದಲ್ಲಿ ಒಂದಕ್ಕಿಂತ ತುಸು ಹೆಚ್ಚು ಮಾತ್ರ ಕಟ್ಟುತ್ತಿವೆ. ಜೊತೆಗೆ, ಹಸ್ತಾಂತರದಿಂದ ಸ್ವಂತ ನೌಕಾಪಡೆಯ ಬಲ ಕುಂದದು ಎಂದು ಅಮೆರಿಕದ ಅಧ್ಯಕ್ಷರು ಮೊದಲೇ ಪ್ರಮಾಣೀಕರಿಸಬೇಕೆಂಬ ಕಾನೂನಿದೆ. ಗಂಡಾಂತರ ಬಂದ ದಿನ ಆ ಹಡಗು ಅವರಿಗೂ ಬೇಕಾಗಿರುತ್ತದಲ್ಲ! 2027ರಿಂದ ನಿಮ್ಮೂರಿಗೆ ಸರದಿಯ ಮೇಲೆ ಬರಲಿರುವ ಅಮೆರಿಕದ ನಾಲ್ಕು, ಬ್ರಿಟನ್ನಿನ ಒಂದು ಜಲಾಂತರ್ಗಾಮಿ ಈ ನಡುವಿನ ಕಂದಕಕ್ಕೆ ಹಾಸಿದ ಹಲಗೆ. ಆದರೆ ಅವುಗಳಿಗೆ ಆಜ್ಞೆ ಬರುವುದು ಕ್ಯಾನ್‌ಬೆರಾದಿಂದಲ್ಲ.

ನನ್ನನ್ನು ಕೇಳಿದರೆ ಉತ್ತರದ ವಾಯುನೆಲೆಗಳಿಗೆ, ಕ್ಷಿಪಣಿಗಳಿಗೆ, ಸಮುದ್ರದಲ್ಲಿ ಹುದುಗಿಸುವ ಸ್ಫೋಟಕ ಮೈನ್‌ಗಳಿಗೆ, ಎಲ್ಲಕ್ಕಿಂತ ಮುಂಚೆ ಇಂಧನ ದಾಸ್ತಾನಿಗೆ ಮೊದಲು ಹಣ ಸುರಿಯುತ್ತಿದ್ದೆ. ಗಾರ್ಡನ್ ದ್ವೀಪದ ಎದುರು ದಡದ ಕ್ವಿನಾನಾದಲ್ಲಿ ತೈಲ ಶುದ್ಧೀಕರಣ ನಿಂತದ್ದು ಆಕಸ್ ಘೋಷಣೆಯಾದ 2021ರಲ್ಲೇ. ಇಡೀ ದೇಶದಲ್ಲಿ ಈಗ ಉಳಿದಿರುವ ಶುದ್ಧೀಕರಣಾಗಾರಗಳು ಎರಡು, ಬ್ರಿಸ್ಬೇನ್‌ನಲ್ಲೊಂದು, ಜೀಲಾಂಗ್‌ನಲ್ಲೊಂದು. ಮಿಕ್ಕ ಪೆಟ್ರೋಲ್, ಡೀಸೆಲ್ ಬಹುಪಾಲು ಏಷ್ಯಾದ ಬಂದರುಗಳಿಂದ ಟ್ಯಾಂಕರುಗಳಲ್ಲಿ ಬರುತ್ತದೆ, ಈ ಜಲಾಂತರ್ಗಾಮಿಗಳು ಮುಂದೆಂದೋ ಕಾಯಬೇಕಾದ ಅದೇ ಸಮುದ್ರದ ಮೇಲೆ.